ಕಡಲಾಚೆಯಿಂದ ಬಂದ ಗುರುದಂಪತಿಗಳು

ಕಡೂರು ತಾಲ್ಲೂಕಿನ ಚೌಳಹಿರಿಯೂರಿನಂತಹ ಬಯಲುಸೀಮೆಯ ಊರಿರಲಿ, ಕೊಪ್ಪದಂತಹ ಮಲೆನಾಡಿನ ಊರಿರಲಿ, ಅರಬ್ಬೀ ಸಮುದ್ರದ ದಡದ ಮಂಗಳೂರಿರಲಿ, ಕರ್ನಾಟಕದ ಶಾಲೆಗಳಲ್ಲಿ ಎರಡು ಗೀತೆಗಳು ತಪ್ಪದೆ ಕೇಳಿಬರುತ್ತವೆ. ಒಂದು ಕುವೆಂಪು ಅವರು ರಚಿಸಿದ ನಾಡಗೀತೆ. ಇನ್ನೊಂದು ರವೀಂದ್ರನಾಥ ಠಾಕೂರರು ರಚಿಸಿದ ರಾಷ್ಟ್ರಗೀತೆ. ಒಬ್ಬರು ಸಹ್ಯಾದ್ರಿಯ ಮಡಿಲಿನ ಕನ್ನಡ ಕವಿ, ಮತ್ತೊಬ್ಬರು ಬಂಗಾಳದ ಕವಿ. ಆದರೆ ಈ ಎರಡು ಗೀತೆಗಳ ಹಿಂದಿನ ಕಥೆಯನ್ನು ಅರಸುತ್ತ ಹೋದರೆ ಎರಡು ದಾರಿಗಳಲ್ಲಿಯೂ ಒಂದೇ ಮನೆಯವರ ಹೆಸರು ಎದುರಾಗುತ್ತದೆ. ಅದು ಭಾರತೀಯರ ಹೆಸರಲ್ಲ. ಸಾವಿರಾರು ಮೈಲಿ ದೂರದ ಐರ್ಲೆಂಡಿನಿಂದ ಬಂದು ನಮ್ಮ ಮಕ್ಕಳಿಗೆ ಪಾಠ ಹೇಳಿದ ಜೇಮ್ಸ್ ಕಸಿನ್ಸ್ ಮತ್ತು ಮಾರ್ಗರೆಟ್ ಕಸಿನ್ಸ್ ಎಂಬ ದಂಪತಿಗಳ ಹೆಸರು ಅದು.

ಜೇಮ್ಸ್ ಹೆನ್ರಿ ಕಸಿನ್ಸ್ 1873ರಲ್ಲಿ ಐರ್ಲೆಂಡಿನ ಉತ್ತರಭಾಗದಲ್ಲಿರುವ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದರು. ಬಡ ಕುಟುಂಬ, ಗುಮಾಸ್ತೆಯ ಕೆಲಸದಿಂದ ಅವರ ದುಡಿಮೆ ಮೊದಲಾಯಿತು. ಕಾವ್ಯದ ಗೀಳು ಅವರನ್ನು ಡಬ್ಲಿನ್ ನಗರಕ್ಕೆ ಎಳೆತಂದಿತು. ಅಲ್ಲಿ ಕವಿಯೆಂದೂ ನಾಟಕಕಾರನೆಂದೂ ಹೆಸರು ಗಳಿಸಿ, ಮುಂದೆ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮತ್ತು ಭೂಗೋಳಗಳ ಉಪಾಧ್ಯಾಯರಾದರು. ಮಾರ್ಗರೆಟ್ ಗಿಲೆಸ್ಪಿ 1878ರಲ್ಲಿ ರಾಸ್‌ಕಾಮನ್ ಪ್ರಾಂತ್ಯದ ಬಾಯ್ಲ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದವರು. ಡಬ್ಲಿನ್ನಿನಲ್ಲಿ ಸಂಗೀತವನ್ನು ಅಭ್ಯಾಸಮಾಡಿ 1902ರಲ್ಲಿ ಪದವಿ ಪಡೆದರು. ಮರುವರ್ಷ, ಅಂದರೆ 1903ರಲ್ಲಿ, ಇವರಿಬ್ಬರ ವಿವಾಹ ನೆರವೇರಿತು. ವರನಿಗೆ ಆಗ 29 ವರ್ಷ, ವಧುವಿಗೆ 24.

ಈ ದಂಪತಿಗಳ ಬಾಳನ್ನು ಅರಿಯಬೇಕಾದರೆ ಆ ಕಾಲದ ಐರ್ಲೆಂಡಿನ ಸ್ಥಿತಿಯನ್ನು ಸ್ವಲ್ಪಮಟ್ಟಿಗಾದರೂ ತಿಳಿಯಬೇಕು. ಭಾರತದಂತೆಯೇ ಐರ್ಲೆಂಡ್ ಕೂಡ ಆಗ ಬ್ರಿಟಿಷರ ಆಳ್ವಿಕೆಗೆ ಒಳಪಟ್ಟ ನಾಡು. ಅಲ್ಲಿನ ಜನಕ್ಕೆ ಐರಿಷ್ ಎಂಬ ಪ್ರಾಚೀನವಾದ ಸ್ವಂತ ಭಾಷೆಯಿತ್ತು, ಅದರಲ್ಲಿ ಶತಮಾನಗಳ ಕಾವ್ಯವಿತ್ತು, ವೀರಗಾಥೆಗಳಿದ್ದುವು. ಆದರೆ ಶಾಲೆಯ ಭಾಷೆ ಇಂಗ್ಲಿಷ್, ಕಚೇರಿಯ ಭಾಷೆ ಇಂಗ್ಲಿಷ್, ನೌಕರಿಯ ಭಾಷೆಯೂ ಇಂಗ್ಲಿಷ್. ಹತ್ತೊಂಬತ್ತನೆಯ ಶತಮಾನದ ನಡುವೆ ಬಂದೊದಗಿದ ಭೀಕರ ಕ್ಷಾಮದಲ್ಲಿ ಐರಿಷ್ ಆಡುತ್ತಿದ್ದ ಹಳ್ಳಿಗಾಡಿನ ಜನರೇ ಹೆಚ್ಚಾಗಿ ಸತ್ತರು, ಇಲ್ಲವೇ ದೇಶಬಿಟ್ಟು ಹೋದರು. ಹೀಗೆ ಎರಡು ಮೂರು ತಲೆಮಾರುಗಳೊಳಗೆ ಒಂದು ಭಾಷೆ ತನ್ನ ನೆಲದಲ್ಲಿಯೇ ಪರದೇಶಿಯಾಯಿತು. ಹಾಗೆ ಕಳೆದುಹೋದುದನ್ನು ಮರಳಿ ಪಡೆಯಬೇಕೆಂದು 1893ರಲ್ಲಿ ಗೇಲಿಕ್ ಲೀಗ್ ಎಂಬ ಸಂಸ್ಥೆ ಹುಟ್ಟಿತು. ಕವಿ ಯೇಟ್ಸ್ ಮೊದಲಾದವರು ನಾಡಿನ ಪುರಾಣಗಳನ್ನು ಕಾವ್ಯಕ್ಕೂ ರಂಗಭೂಮಿಗೂ ತಂದರು. ಜೇಮ್ಸ್ ಕಸಿನ್ಸ್ ಆ ಬಳಗದಲ್ಲಿ ಒಬ್ಬರು. ಅವರು ಬರೆದುದು ಇಂಗ್ಲಿಷಿನಲ್ಲಿಯೇ, ಏಕೆಂದರೆ ಬೆಲ್‌ಫಾಸ್ಟಿನ ಆ ಮನೆಯಲ್ಲಿ ಅವರಿಗೆ ಸಿಕ್ಕ ತಾಯ್ನುಡಿ ಅದು. ಆದರೂ ಭಾಷೆಯನ್ನು ಕಳೆದುಕೊಂಡ ಜನಾಂಗದ ನೋವು ಎಂತಹುದೆಂಬುದನ್ನು ಅವರು ಸುತ್ತಲೂ ಕಂಡಿದ್ದರು. ಮುಂದೆ ಮೈಸೂರಿನಲ್ಲಿ ನಡೆದುದಕ್ಕೆ ಇದೇ ಹಿನ್ನೆಲೆ.

ಡಬ್ಲಿನ್ನಿನಲ್ಲಿ ನವದಂಪತಿಗಳ ಸಂಸಾರ ಹೆಚ್ಚು ಅನುಕೂಲದ್ದಾಗಿರಲಿಲ್ಲ. ಇಬ್ಬರೂ ಸಸ್ಯಾಹಾರಿಗಳು, ಮಾಂಸವಿಲ್ಲದ ಊಟವೆಂದರೆ ನಗುತ್ತಿದ್ದ ಆ ನಾಡಿನಲ್ಲಿ ಅದು ವಿಚಿತ್ರವೆನಿಸಿತ್ತು. 1904ರಲ್ಲಿ ಮನೆಯಿಲ್ಲದೆ ಅಲೆಯುತ್ತಿದ್ದ ಒಬ್ಬ ತರುಣ ಲೇಖಕ ಕೆಲವು ದಿನ ಇವರ ಅತಿಥಿಯಾಗಿದ್ದ. ಜಗತ್ಪ್ರಸಿದ್ಧ ಕಾದಂಬರಿಕಾರನಾದ ಜೇಮ್ಸ್ ಜಾಯ್ಸ್ ಅವನೇ. ಮಾರ್ಗರೆಟ್ ಅವರ ಮನಸ್ಸು ಸಂಗೀತದಷ್ಟೇ ಸ್ತ್ರೀಯರ ಹಕ್ಕುಗಳ ಕಡೆಗೂ ಹರಿದಿತ್ತು. ಹೆಂಗಸರಿಗೆ ಮತ ನೀಡುವ ಅಧಿಕಾರವಿಲ್ಲದ ಕಾಲ ಅದು. 1908ರಲ್ಲಿ ಗೆಳತಿಯರೊಡನೆ ಕೂಡಿ ಅವರು ಮತಾಧಿಕಾರಕ್ಕಾಗಿ ಒಂದು ಸಂಘವನ್ನು ಕಟ್ಟಿದರು. ಲಂಡನ್ನಿನಲ್ಲಿ ಮಂತ್ರಿಗಳ ಮನೆಯ ಕಿಟಕಿಯ ಗಾಜುಗಳನ್ನು ಒಡೆದುದಕ್ಕಾಗಿ 1910ರಲ್ಲಿ ಒಂದು ತಿಂಗಳ ಸೆರೆಮನೆವಾಸವನ್ನೂ, 1913ರಲ್ಲಿ ಐರ್ಲೆಂಡಿನಲ್ಲಿ ಮತ್ತೊಮ್ಮೆ ಸೆರೆಯನ್ನೂ ಅನುಭವಿಸಿದರು. ಶಾಲೆಯ ಉಪಾಧ್ಯಾಯರ ಪತ್ನಿಯೊಬ್ಬಳು ಸೆರೆಮನೆಗೆ ಹೋಗುವುದೆಂದರೆ ಆ ಕಾಲದಲ್ಲಿ ಸಾಮಾನ್ಯ ಸಂಗತಿಯಲ್ಲ. ಜೇಮ್ಸ್ ಅದಕ್ಕೆ ಅಡ್ಡಬರಲಿಲ್ಲ. ತಾವೂ ಆ ಚಳವಳಿಯ ಪರವಾಗಿ ನಿಂತರು.

ಭಾರತದ ತತ್ತ್ವಜ್ಞಾನದಲ್ಲಿ ಆಸಕ್ತಿಯಿದ್ದ ಈ ದಂಪತಿಗಳಿಗೆ ಥಿಯಾಸಾಫಿಕಲ್ ಸೊಸೈಟಿಯ ಮೂಲಕ ಆನಿ ಬೆಸೆಂಟರ ಪರಿಚಯವಾಗಿತ್ತು. ಬೆಸೆಂಟರು ಮದರಾಸಿನಿಂದ ‘ನ್ಯೂ ಇಂಡಿಯಾ’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದರು. ಅದರ ಸಾಹಿತ್ಯ ವಿಭಾಗದಲ್ಲಿ ಕೆಲಸಮಾಡಲು ಬರುವಂತೆ ಜೇಮ್ಸ್ ಅವರಿಗೆ ಕರೆ ಬಂದಿತು. ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ಹಡಗಿನ ಪ್ರಯಾಣವೆಂದರೆ ಅಪಾಯದ ಪ್ರಯಾಣ. ಆದರೂ 1915ರಲ್ಲಿ ಗಂಡಹೆಂಡಿರಿಬ್ಬರೂ ಮದರಾಸಿಗೆ ಬಂದರು.

ಆ ಕೆಲಸ ಹೆಚ್ಚು ದಿನ ಉಳಿಯಲಿಲ್ಲ. 1916ರ ಏಪ್ರಿಲಿನಲ್ಲಿ, ಈಸ್ಟರ್ ಹಬ್ಬದ ವಾರದಲ್ಲಿ, ಡಬ್ಲಿನ್ನಿನಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದಿತು. ಸರ್ಕಾರ ಅದನ್ನು ಅಡಗಿಸಿ ನಾಯಕರನ್ನು ಗುಂಡಿಕ್ಕಿ ಕೊಂದಿತು. ಆ ನಾಯಕರಲ್ಲಿ ಮುಖ್ಯರಾದ ಪ್ಯಾಟ್ರಿಕ್ ಪಿಯರ್ಸ್ ಒಬ್ಬ ಉಪಾಧ್ಯಾಯರು. ಐರಿಷ್ ಭಾಷೆಗೆ ಗೌರವದ ಸ್ಥಾನವಿತ್ತ ಶಾಲೆಯೊಂದನ್ನು ತಾವೇ ಕಟ್ಟಿ ನಡೆಸುತ್ತಿದ್ದವರು. ಜೇಮ್ಸ್ ಆ ದಂಗೆಯನ್ನು ಕೊಂಡಾಡಿ ಪತ್ರಿಕೆಯಲ್ಲಿ ಲೇಖನ ಬರೆದರು. ಭಾರತಕ್ಕೆ ಸ್ವಯಮಾಡಳಿತ ಬೇಕೆಂದು ಹೋರಾಡುತ್ತಿದ್ದ ಆ ಪತ್ರಿಕೆಯ ಮೇಲೆ ಸರ್ಕಾರದ ಕಣ್ಣು ಮೊದಲೇ ಇತ್ತು. ಲೇಖನದಿಂದ ಪತ್ರಿಕೆಗೆ ಇಕ್ಕಟ್ಟು ಒದಗಿ ಜೇಮ್ಸ್ ತಮ್ಮ ಸ್ಥಾನವನ್ನು ಬಿಡಬೇಕಾಯಿತು. ದೂರದ ದೇಶದಲ್ಲಿ, ಬಂದ ಕೆಲವೇ ತಿಂಗಳುಗಳಲ್ಲಿ, ಕೈಯಲ್ಲಿದ್ದ ಕೆಲಸ ತಪ್ಪಿತು. ಆಗ ಅವರಿಗೆ ದೊರೆತ ಆಶ್ರಯವೇ ಮದನಪಲ್ಲಿಯ ಕಾಲೇಜು.

ಇಂದಿನ ಆಂಧ್ರಪ್ರದೇಶಕ್ಕೆ ಸೇರಿದ ಮದನಪಲ್ಲಿ ನಮ್ಮ ಕೋಲಾರ ಸೀಮೆಯ ಅಂಚಿನಿಂದ ಬಹಳ ದೂರವಿಲ್ಲ. ಗುಡ್ಡಬೆಟ್ಟಗಳ ನಡುವಿನ, ಮದರಾಸಿಗಿಂತ ತಂಪಾದ ಊರು. ಬೆಸೆಂಟರು 1915ರಲ್ಲಿ ಇಲ್ಲಿ ಕಾಲೇಜನ್ನು ಸ್ಥಾಪಿಸಿದ್ದರು. ಇದು ‘ರಾಷ್ಟ್ರೀಯ ಶಿಕ್ಷಣ’ದ ಕೇಂದ್ರವಾಗಬೇಕೆಂಬುದು ಅವರ ಹಂಬಲ. ರಾಷ್ಟ್ರೀಯ ಶಿಕ್ಷಣವೆಂದರೇನು? ಆಗಿನ ಸರ್ಕಾರಿ ಶಿಕ್ಷಣಪದ್ಧತಿಯಲ್ಲಿ ಓದಿದ ಹುಡುಗನಿಗೆ ಇಂಗ್ಲೆಂಡಿನ ರಾಜರ ವಂಶಾವಳಿ ಬಾಯಿಪಾಠವಾಗುತ್ತಿತ್ತು. ತನ್ನ ನಾಡಿನ ಚರಿತ್ರೆ, ಕಲೆ, ಸಂಗೀತಗಳ ಪರಿಚಯವಾಗುತ್ತಿರಲಿಲ್ಲ. ಗುಮಾಸ್ತೆಯ ಕೆಲಸ ದೊರಕಿಸುವುದೇ ಆ ವಿದ್ಯೆಯ ಗುರಿಯೆಂಬಂತಿತ್ತು. ಇದಕ್ಕೆ ಬದಲಾಗಿ, ನಾಡಿನ ಸಂಸ್ಕೃತಿಯನ್ನು ತಳಹದಿಯಾಗಿಟ್ಟುಕೊಂಡು, ಅದರ ಮೇಲೆ ಹೊರಗಿನ ಜ್ಞಾನವನ್ನು ಕಟ್ಟಬೇಕೆಂಬುದು ಹೊಸ ಪದ್ಧತಿಯ ಆಶಯ. ಆಶಯ ದೊಡ್ಡದು, ದಾರಿ ಕಷ್ಟದ್ದು. ಹೋಂ ರೂಲ್ ಚಳವಳಿಯಲ್ಲಿ ವಿದ್ಯಾರ್ಥಿಗಳು ಸೇರಿದುದರಿಂದ ಮದರಾಸು ವಿಶ್ವವಿದ್ಯಾನಿಲಯದ ಮನ್ನಣೆ ಕಾಲೇಜಿಗೆ ತಪ್ಪಿತು. ಮನ್ನಣೆಯಿಲ್ಲದ ಕಾಲೇಜಿನಲ್ಲಿ ಓದಿದವನಿಗೆ ಸರ್ಕಾರಿ ನೌಕರಿಯ ಬಾಗಿಲು ಮುಚ್ಚಿದಂತೆಯೇ. ತಂದೆತಾಯಿಗಳ ಆತಂಕವನ್ನು ಊಹಿಸುವುದು ಕಷ್ಟವಲ್ಲ. ಅಂತಹ ಸಂಸ್ಥೆಯಲ್ಲಿ ಜೇಮ್ಸ್ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿ, ಕೆಲಕಾಲದಲ್ಲಿಯೇ ಪ್ರಾಂಶುಪಾಲರಾದರು.

ಹೊರನಾಡಿನಿಂದ ಬಂದ ಅಧ್ಯಾಪಕನಿಗೆ ಎರಡು ಹಾದಿಗಳಿರುತ್ತವೆ. ತಾನು ಬಂದ ನಾಡೇ ಶ್ರೇಷ್ಠವೆಂದು ತಿಳಿದು, ವಿದ್ಯಾರ್ಥಿಗಳನ್ನು ತನ್ನ ಪಡಿಯಚ್ಚಿನಂತೆ ತಿದ್ದಲು ಹೊರಡುವುದು ಒಂದು. ವಿದ್ಯಾರ್ಥಿಗಳ ಬಳಿ ಇರುವುದೇನೆಂದು ಮೊದಲು ಕಣ್ಣಿಟ್ಟು ನೋಡುವುದು ಇನ್ನೊಂದು. ಎರಡನೆಯದು ಹೇಳಿದಷ್ಟು ಸುಲಭವಲ್ಲ, ಏಕೆಂದರೆ ಅಧ್ಯಾಪಕನೇ ಅಲ್ಲಿ ಮತ್ತೆ ವಿದ್ಯಾರ್ಥಿಯಾಗಬೇಕಾಗುತ್ತದೆ. ಕಸಿನ್ಸ್ ದಂಪತಿಗಳು ಈ ಎರಡನೆಯ ಹಾದಿಯನ್ನು ಹಿಡಿದರು. ಜೇಮ್ಸ್ ಭಾರತೀಯ ಚಿತ್ರಕಲೆಯನ್ನು ಅಭ್ಯಾಸಮಾಡಿ ಅದರ ಬಗ್ಗೆ ಬರೆಯತೊಡಗಿದರು. ಪಿಯಾನೋ ನುಡಿಸುತ್ತಿದ್ದ ಮಾರ್ಗರೆಟ್ ಇಲ್ಲಿನ ಸಂಗೀತಕ್ಕೆ ಕಿವಿಗೊಟ್ಟರು. ಅವರು ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಊರಿನ ಹೆಂಗಸರ ಕಡೆಗೂ ಗಮನವಿತ್ತರು. ಅಧ್ಯಾಪಕರ ಮನೆಯ ಸ್ತ್ರೀಯರೇ ಒಬ್ಬರನ್ನೊಬ್ಬರು ಕಾಣದೆ ಮನೆಯೊಳಗೆ ಉಳಿಯುತ್ತಿದ್ದ ಕಾಲ. ಅವರನ್ನು ಒಂದೆಡೆ ಕೂಡಿಸಲು ಮದನಪಲ್ಲಿಯಲ್ಲಿ ‘ಅಬಲಾ ಅಭಿವರ್ಧಿನೀ ಸಮಾಜ’ ಪ್ರಾರಂಭವಾಯಿತು. ಎರಡು ಸಲ ಸೆರೆಮನೆ ಕಂಡ ಮಾರ್ಗರೆಟ್ ಅವರಿಗೆ ‘ಅಬಲಾ’ ಎಂಬ ಹೆಸರು ಅಷ್ಟಾಗಿ ಒಪ್ಪುವಂಥದಲ್ಲ. ಆದರೆ ಆ ಸಂಘದಿಂದ ಹೊರಟ ಕೆಲಸ ಬಲವುಳ್ಳದ್ದಾಗಿತ್ತು. 1917ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಸ್ಥಾಪನೆಯಾದಾಗ ಮಾರ್ಗರೆಟ್ ಅದರ ಸ್ಥಾಪಕರಲ್ಲಿ ಒಬ್ಬರಾದರು.

ಅದೇ ವರ್ಷ ಇಂಗ್ಲೆಂಡಿನಿಂದ ಭಾರತಮಂತ್ರಿ ಮಾಂಟೆಗು ಅವರು ರಾಜಕೀಯ ಸುಧಾರಣೆಗಳನ್ನು ಕುರಿತು ವಿಚಾರಿಸಲು ಬಂದರು. ಬಾಲಿಕೆಯರ ಶಿಕ್ಷಣದ ವಿಷಯವಾಗಿ ಅವರನ್ನು ಕಾಣಬೇಕೆಂದು ಮಹಿಳೆಯರ ಪರವಾಗಿ ಮಾರ್ಗರೆಟ್ ಅನುಮತಿ ಬೇಡಿದರು. ರಾಜಕೀಯ ವಿಷಯಗಳಿಗೆ ಸಂಬಂಧಿಸಿದ ನಿಯೋಗಗಳಿಗೆ ಮಾತ್ರ ಅವಕಾಶವೆಂದು ಉತ್ತರ ಬಂದಿತು. ಹಾಗಿದ್ದರೆ ರಾಜಕೀಯ ವಿಷಯವೇ ಆಗಲಿ ಎಂದು ಅವರು ಮನವಿಯಲ್ಲಿ ಸ್ತ್ರೀಯರ ಮತಾಧಿಕಾರವನ್ನೂ ಸೇರಿಸಿದರು! 1917ರ ಡಿಸೆಂಬರ್ 18ರಂದು ಸರೋಜಿನಿ ನಾಯ್ಡು ಅವರ ಮುಂದಾಳುತನದಲ್ಲಿ ನಿಯೋಗ ಮದರಾಸಿನಲ್ಲಿ ಮಾಂಟೆಗು ಅವರನ್ನು ಕಂಡಿತು. ನಾಲ್ಕು ವರ್ಷಗಳಲ್ಲಿ, 1921ರಲ್ಲಿ, ಮದರಾಸು ಪ್ರಾಂತದ ಸ್ತ್ರೀಯರಿಗೆ ಮತಾಧಿಕಾರ ದೊರೆಯಿತು. ಅದಕ್ಕೆ ಆಸ್ತಿಯ ಕಟ್ಟಳೆಯಿತ್ತು, ಆದುದರಿಂದ ಕೆಲವರಿಗೆ ಮಾತ್ರ ಅದು ಸಂದಿತು. ಆದರೂ ಬಾಗಿಲು ತೆರೆದಿತ್ತು.

ಇನ್ನು ರಾಷ್ಟ್ರಗೀತೆಯ ಸಂಗತಿ. 1919ರಲ್ಲಿ ದಕ್ಷಿಣ ಭಾರತದ ಪ್ರವಾಸದಲ್ಲಿದ್ದ ರವೀಂದ್ರನಾಥ ಠಾಕೂರರು ಕಸಿನ್ಸ್ ಅವರ ಆಹ್ವಾನದ ಮೇರೆಗೆ ವಿಶ್ರಾಂತಿಗಾಗಿ ಮದನಪಲ್ಲಿಗೆ ಬಂದರು. ಫೆಬ್ರುವರಿ 28ರ ಸಂಜೆ ವಿದ್ಯಾರ್ಥಿಗಳೂ ಅಧ್ಯಾಪಕರೂ ನೆರೆದಿದ್ದ ಕೂಟದಲ್ಲಿ ಒಂದು ಹಾಡನ್ನು ಹಾಡಬೇಕೆಂದು ಜೇಮ್ಸ್ ಕವಿಯನ್ನು ಕೇಳಿಕೊಂಡರು. ಕವಿ ಹಾಡಿದುದು ‘ಜನಗಣಮನ’. ಅದು ಹೊಸ ಹಾಡಲ್ಲ. 1911ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲ ಬಾರಿಗೆ ಹಾಡಿದ್ದ ಗೀತೆ. ಆದರೆ ಮದನಪಲ್ಲಿಯ ಹುಡುಗರಿಗೆ ಅದು ಹೊಸದು. ಬಂಗಾಳಿ ಬಾರದಿದ್ದರೂ ಜಯಘೋಷದ ಪಲ್ಲವಿ ಬಂದಾಗ ಅವರು ದನಿಗೂಡಿಸಿದರು. ಗೀತೆಯ ಅರ್ಥವೇನೆಂದು ಅನಂತರ ಕೇಳಿದವರಿಗಾಗಿ ಕವಿ ಅದನ್ನು ಇಂಗ್ಲಿಷಿಗೆ ಅನುವಾದಮಾಡಿ ‘ಭಾರತದ ಉದಯಗೀತೆ’ ಎಂಬ ಅರ್ಥದ ಶೀರ್ಷಿಕೆಯನ್ನಿತ್ತರು.

ಇಲ್ಲಿ ಮಾರ್ಗರೆಟ್ ಅವರ ವಿದ್ಯೆ ಉಪಯೋಗಕ್ಕೆ ಬಂದಿತು. ನಮ್ಮಲ್ಲಿ ಸಂಗೀತ ಬಹುಮಟ್ಟಿಗೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಸಾಗುವ ವಿದ್ಯೆ. ಪಾಶ್ಚಾತ್ಯರಲ್ಲಿ ಐದು ಸಮಾನಾಂತರ ಗೆರೆಗಳ ಮೇಲೆ ಚಿಹ್ನೆಗಳನ್ನು ಬರೆಯುವ ಸ್ವರಲಿಪಿ ಬಳಕೆಯಲ್ಲಿದೆ. ಚಿಹ್ನೆ ಯಾವ ಗೆರೆಯ ಮೇಲೆ ಕುಳಿತಿದೆಯೆಂಬುದರಿಂದ ಸ್ವರದ ಏರಿಳಿತವೂ, ಚಿಹ್ನೆಯ ಆಕಾರದಿಂದ ಅದನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದೂ ತಿಳಿಯುತ್ತದೆ. ನಮ್ಮ ಗಮಕಗಳ ಸೂಕ್ಷ್ಮ ಈ ಗೆರೆಗಳಿಗೆ ಪೂರ್ತಿಯಾಗಿ ಸಿಕ್ಕುವುದಿಲ್ಲ. ಆದರೆ ನೂರು ಜನ ಒಂದೇ ಕಂಠದಲ್ಲಿ ಹಾಡಬೇಕಾದಾಗ ಇಂತಹ ದಾಖಲೆ ಬಹಳ ಸಹಾಯಕ. ಕವಿಯ ಹಾಡನ್ನು ಕೇಳಿ ಕೇಳಿ ಮಾರ್ಗರೆಟ್ ಅದರ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು. ರಾಷ್ಟ್ರಗೀತೆಗೆ ಅವರೇ ರಾಗ ಹಾಕಿದರೆಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಧಾಟಿ ಕವಿಯದೇ. ಅದನ್ನು ಕಾಗದದ ಮೇಲೆ ನಿಲ್ಲಿಸಿ, ಕವಿ ಊರು ಬಿಟ್ಟ ಮೇಲೆಯೂ ಹುಡುಗರು ಹಾಡುವಂತೆ ಮಾಡಿದುದು ಮಾರ್ಗರೆಟ್ ಅವರ ಕೆಲಸ. ಕಾಲೇಜು ಆ ಗೀತೆಯನ್ನು ತನ್ನ ಪ್ರಾರ್ಥನೆಯನ್ನಾಗಿ ಮಾಡಿಕೊಂಡಿತು. ಇದೇ ಭಾರತದ ರಾಷ್ಟ್ರಗೀತೆಯಾಗಬೇಕೆಂದು ಜೇಮ್ಸ್ 1937ರಲ್ಲಿಯೇ ಬಹಿರಂಗವಾಗಿ ಸೂಚಿಸಿದರು. ಸಂವಿಧಾನ ಸಭೆ ಅದನ್ನು ಅಂಗೀಕರಿಸಿದುದು 1950ರ ಜನವರಿ 24ರಂದು.

ಪರದೇಶದಲ್ಲಿ ಪಾಠ ಹೇಳುವವರ ಬಾಳಿನಲ್ಲಿ ಅಗಲಿಕೆಯೂ ಒಂದು ಭಾಗ. 1919ರಲ್ಲಿ ಜೇಮ್ಸ್ ಜಪಾನಿಗೆ ತೆರಳಿ, ಟೋಕಿಯೋ ನಗರದ ಕೇಯೋ ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಇಂಗ್ಲಿಷ್ ಕಾವ್ಯವನ್ನು ಬೋಧಿಸಿದರು. ಮಾರ್ಗರೆಟ್ ಭಾರತದಲ್ಲಿಯೇ ಉಳಿದರು. ಅವರು ಆ ಅವಧಿಯನ್ನು ಕಳೆದುದು ಕರ್ನಾಟಕದ ಕರಾವಳಿಯಲ್ಲಿ. ಮಂಗಳೂರಿನಲ್ಲಿ ಆಗತಾನೆ ಹುಟ್ಟಿದ್ದ ರಾಷ್ಟ್ರೀಯ ಬಾಲಿಕಾ ಶಾಲೆಗೆ ಅವರು 1919–20ರಲ್ಲಿ ಮೊದಲ ಮುಖ್ಯಸ್ಥೆಯಾದರು. ಮಂಗಳೂರಿನಲ್ಲಿ ಮಿಷನರಿಗಳ ಶಾಲೆಗಳು ಮೊದಲೇ ಇದ್ದುವು. ಮಕ್ಕಳು ಪರಧರ್ಮಕ್ಕೆ ಸೆಳೆಯಲ್ಪಟ್ಟಾರೆಂದು ಅಂಜಿ ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳುಹಿಸದವರಿಗೂ, ಸರ್ಕಾರಿ ಪದ್ಧತಿ ಬೇಡವೆನ್ನುವವರಿಗೂ ರಾಷ್ಟ್ರೀಯ ಶಾಲೆ ಮೂರನೆಯ ದಾರಿಯೊಂದನ್ನು ತೋರಿಸಿತು. ಆ ಕಾಲದ ಸ್ಥಿತಿಯನ್ನು ಒಂದು ಲೆಕ್ಕ ಹೇಳುತ್ತದೆ: 1921ರ ಜನಗಣತಿಯಂತೆ ಭಾರತದಲ್ಲಿ ನೂರು ಮಂದಿ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ಇಬ್ಬರೂ ಇರಲಿಲ್ಲ. ಈಗ ಮಂಗಳೂರಿನಲ್ಲಿ ಬೆಸೆಂಟ್ ಹೆಸರಿನಿಂದ ನಡೆಯುತ್ತಿರುವ ಬಾಲಿಕಾ ವಿದ್ಯಾಸಂಸ್ಥೆಗಳ ಬೇರು ಆ ರಾಷ್ಟ್ರೀಯ ಶಾಲೆಯಲ್ಲಿದೆ.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಸಾರ್ವಜನಿಕ ಜೀವನದಲ್ಲಿ ಬೆಂಬಲವಾಗಿ ನಿಂತವರೂ ಮಾರ್ಗರೆಟ್ ಅವರೇ. ಅವರ ಒತ್ತಾಯದಿಂದ ಕಮಲಾದೇವಿಯವರು 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತರು. ಕೆಲವೇ ಮತಗಳಿಂದ ಸೋತರು. ಮುಂದಿನ ವರ್ಷದ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಮೊದಲ ಬಾರಿಗೆ ಕೂಡಿತು. ಅದನ್ನು ಕರೆದವರು ಮಾರ್ಗರೆಟ್. ಹೆಣ್ಣುಮಕ್ಕಳಿಗೆ ಎಂತಹ ವಿದ್ಯೆ ಬೇಕೆಂಬುದನ್ನು ಹೆಂಗಸರೇ ನಿರ್ಣಯಿಸಬೇಕೆಂಬುದು ಆ ಸಮ್ಮೇಳನದ ಉದ್ದೇಶ.

ಜೇಮ್ಸ್ ಅವರನ್ನು ಕನ್ನಡಿಗರು ನೆನೆಯುವುದು ಮುಖ್ಯವಾಗಿ 1924ರ ಒಂದು ಭೇಟಿಗಾಗಿ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ವಿಷಯದಲ್ಲಿ ಸಲಹೆ ನೀಡಲು ಅವರು ಆ ವರ್ಷ ಮೈಸೂರಿಗೆ ಬಂದಿದ್ದರು. ಆಗ ಅಲ್ಲಿ ಓದುತ್ತಿದ್ದ 19 ವರ್ಷದ ತರುಣನೊಬ್ಬ ತನ್ನ ಕವಿತೆಗಳ ಹಸ್ತಪ್ರತಿಯೊಡನೆ ಅವರನ್ನು ಕಾಣಲು ಹೋದನು. ಅಂದು ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ ಹುಟ್ಟಿ, ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಬೆಳೆದ ಹುಡುಗ ಅವನು, ಹೆಸರು ಪುಟ್ಟಪ್ಪ. ಹೊಸದಾಗಿ ಇಂಗ್ಲಿಷ್ ಕಾವ್ಯವನ್ನು ಓದಿ ಅದರ ಮೋಹಕ್ಕೆ ಸಿಕ್ಕಿದ್ದ. 1922ರಲ್ಲಿಯೇ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಪುಸ್ತಿಕೆಯನ್ನು ಅಚ್ಚುಮಾಡಿಸಿದ್ದ. ಇಂಗ್ಲಿಷಿನ ಕವಿಯೊಬ್ಬನಿಂದ ಮೆಚ್ಚುಗೆಯ ಮಾತನ್ನು ಕೇಳಬೇಕೆಂಬುದು ಅವನ ಆಸೆ.

ಆ ಮಾತು ಬರಲಿಲ್ಲ. ಹಸ್ತಪ್ರತಿಯನ್ನು ನೋಡಿದ ಕಸಿನ್ಸ್, ನಿಮ್ಮ ಭಾಷೆಯಲ್ಲಿ ಏನನ್ನಾದರೂ ಬರೆದಿದ್ದೀರಾ ಎಂಬ ಅರ್ಥದ ಪ್ರಶ್ನೆಯನ್ನು ಕೇಳಿದರು. ಇಂಗ್ಲಿಷಿನಂತಹ ಛಂದೋವೈವಿಧ್ಯ ಕನ್ನಡಕ್ಕಿಲ್ಲ, ಉನ್ನತವಾದ ಭಾವಗಳನ್ನು ಅದರಲ್ಲಿ ಹೇಳಲಾಗದು ಎಂಬುದು ತರುಣನ ವಾದ. ಯಾವ ಭಾಷೆಯೂ ಹುಟ್ಟಿನಿಂದ ಅಸಮರ್ಥವಲ್ಲ, ಬಳಸುವವನು ಅದಕ್ಕೆ ಶಕ್ತಿ ತುಂಬಬೇಕು, ಠಾಕೂರರು ಬಂಗಾಳಿಯಲ್ಲಿ ಮಾಡಿದುದು ಅದನ್ನೇ ಎಂಬುದು ಕಸಿನ್ಸ್ ಅವರ ಉತ್ತರದ ಸಾರ. ಕುವೆಂಪು ತಮ್ಮ ಆತ್ಮಕಥೆಯಾದ ‘ನೆನಪಿನ ದೋಣಿಯಲ್ಲಿ’ ಗ್ರಂಥದಲ್ಲಿ ಈ ಭೇಟಿಯನ್ನು ವಿವರವಾಗಿ ನೆನೆದಿದ್ದಾರೆ. ಹೊಗಳಿಕೆಯನ್ನು ಬಯಸಿ ಹೋದ ಹರೆಯದ ಮನಸ್ಸಿಗೆ ಅಂದು ಸಂತೋಷವಾಗಲಿಲ್ಲ.

ಈ ಪ್ರಸಂಗದಲ್ಲಿ ಗಮನಿಸಬೇಕಾದುದು ಒಂದಿದೆ. ಇಂಗ್ಲಿಷ್ ಕಲಿಸುವುದೇ ಕಸಿನ್ಸ್ ಅವರ ವೃತ್ತಿ. ತನ್ನ ಭಾಷೆಯಲ್ಲಿ ಬರೆಯುವ ಪರದೇಶದ ಹುಡುಗನನ್ನು ಬೆನ್ನುತಟ್ಟಿ ಕಳುಹಿಸುವುದು ಅವರಿಗೆ ಸುಲಭವಾಗಿತ್ತು. ಅದರಿಂದ ಅವರ ವೃತ್ತಿಗೂ ಗೌರವ. ಅವರು ಹಾಗೆ ಮಾಡಲಿಲ್ಲ. ಇಂಗ್ಲಿಷನ್ನು ದ್ವೇಷಿಸೆಂದೂ ಹೇಳಲಿಲ್ಲ. ಓದುವ ಭಾಷೆ ಯಾವುದಾದರೂ ಆಗಬಹುದು, ಹಾಡುವ ಭಾಷೆ ಎದೆಯೊಳಗಿನದೇ ಆಗಬೇಕೆಂಬುದು ಅವರ ನಿಲುವು. ಐರ್ಲೆಂಡಿನಲ್ಲಿ ಒಂದು ಭಾಷೆ ಬತ್ತಿಹೋದುದನ್ನು ಕಂಡವರಿಗೆ ಕನ್ನಡದ ಹುಡುಗನೊಬ್ಬ ಅದೇ ದಾರಿಯಲ್ಲಿ ಹೊರಟಿರುವುದು ಕಾಣದೆ ಇದ್ದೀತೆ?

ಪುಟ್ಟಪ್ಪನವರು ಒಡನೆಯೇ ಇಂಗ್ಲಿಷನ್ನು ತೊರೆದರೆಂದಲ್ಲ. ಆದರೆ ಅವರ ಕಾವ್ಯದ ಹೊನಲು ಕನ್ನಡದ ಪಾತ್ರಕ್ಕೆ ತಿರುಗಿತು. ಹಿಂದಿನ ಇಂಗ್ಲಿಷ್ ಕವಿತೆಗಳನ್ನು ಅವರು ಬಹುಕಾಲದ ಅನಂತರ ಪ್ರಕಟಿಸಿದಾಗ ಇಟ್ಟ ಹೆಸರು ‘ಏಲಿಯನ್ ಹಾರ್ಪ್’, ಅಂದರೆ ಪರಕೀಯ ವೀಣೆ. ಹಾರ್ಪ್ ಎಂಬ ಆ ತಂತೀವಾದ್ಯ ಐರ್ಲೆಂಡಿನ ರಾಷ್ಟ್ರಚಿಹ್ನೆಯೆಂಬುದು ಒಂದು ಸೊಗಸಾದ ಆಕಸ್ಮಿಕ. ಇಂಗ್ಲಿಷಿಗೆ ಮಾತ್ರ ಸಾಧ್ಯವೆಂದುಕೊಂಡಿದ್ದ ಛಂದಸ್ಸಿನ ವಿಸ್ತಾರವನ್ನು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಕನ್ನಡಕ್ಕೆ ತಂದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಪದವಿ ತರಗತಿಗಳಿಗೆ ಕನ್ನಡ ಮಾಧ್ಯಮವನ್ನು ತರಲು ಶ್ರಮಿಸಿದರು. ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ಕರ್ನಾಟಕದ ನಾಡಗೀತೆಯಾಯಿತು.

ಕಸಿನ್ಸ್ ದಂಪತಿಗಳು ಸ್ವದೇಶಕ್ಕೆ ಮರಳಿ ನೆಲಸಲಿಲ್ಲ. ಮಾರ್ಗರೆಟ್ 1922ರಲ್ಲಿ ಗೌರವ ಮ್ಯಾಜಿಸ್ಟ್ರೇಟರಾಗಿ ನೇಮಕಗೊಂಡರು. ಭಾರತದಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. ನ್ಯಾಯಪೀಠದಲ್ಲಿ ಕುಳಿತ ಅವರೇ ಹತ್ತು ವರ್ಷಗಳ ಅನಂತರ, 1932ರಲ್ಲಿ, ವಾಕ್ ಸ್ವಾತಂತ್ರ್ಯವನ್ನು ಹತ್ತಿಕ್ಕುವ ಸರ್ಕಾರದ ಸುಗ್ರೀವಾಜ್ಞೆಗಳನ್ನು ಖಂಡಿಸಿ ಮಾತನಾಡಿ, ಒಂದು ವರ್ಷದ ಶಿಕ್ಷೆಗೆ ಗುರಿಯಾಗಿ ವೆಲ್ಲೂರಿನ ಸೆರೆಮನೆ ಸೇರಿದರು. ಜೇಮ್ಸ್ ಮದನಪಲ್ಲಿಯಲ್ಲಿ ಮತ್ತೆ ಪ್ರಾಂಶುಪಾಲರಾಗಿದ್ದು, ಅನಂತರ ತಿರುವಾಂಕೂರು ಸಂಸ್ಥಾನದಲ್ಲಿ ಕಲಾಸಲಹೆಗಾರರಾಗಿ ದುಡಿದರು. ಹಣ ಕೂಡಿಡುವುದು ಇಬ್ಬರಿಗೂ ತಿಳಿಯದ ವಿದ್ಯೆಯಾಗಿತ್ತು. 1940ರ ದಶಕದಲ್ಲಿ ಮಾರ್ಗರೆಟ್ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಾಗ ಮದರಾಸು ಸರ್ಕಾರವೂ, ಮುಂದೆ ಜವಾಹರಲಾಲ್ ನೆಹರು ಅವರೂ ಅವರ ಸೇವೆಯನ್ನು ನೆನೆದು ಹಣದ ನೆರವಿತ್ತರು.

1950ರಲ್ಲಿ ಇಬ್ಬರೂ ಸೇರಿ ಬರೆದ ಆತ್ಮಕಥೆ ಪ್ರಕಟವಾಯಿತು. ಒಂದೇ ಪುಸ್ತಕದಲ್ಲಿ ಗಂಡ ಹೆಂಡತಿ ಇಬ್ಬರೂ ಸರದಿಯಂತೆ ತಮ್ಮ ಬಾಳನ್ನು ಹೇಳಿಕೊಂಡಿದ್ದಾರೆ. ‘ನಾವಿಬ್ಬರು ಒಟ್ಟಿಗೆ’ ಎಂಬುದು ಅದರ ಹೆಸರಿನ ಅರ್ಥ. ಮದನಪಲ್ಲಿಯ ಹುಡುಗರ ಹಾಡು ಗಣರಾಜ್ಯದ ರಾಷ್ಟ್ರಗೀತೆಯಾದುದೂ ಅದೇ ವರ್ಷ. ಮಾರ್ಗರೆಟ್ 1954ರ ಮಾರ್ಚ್ 11ರಂದು ನಿಧನರಾದರು. ಜೇಮ್ಸ್ 1956ರ ಫೆಬ್ರುವರಿ 20ರಂದು ಮದನಪಲ್ಲಿಯಲ್ಲಿ ಕೊನೆಯುಸಿರೆಳೆದರು. ಅದರ ಹಿಂದಿನ ವರ್ಷವಷ್ಟೇ, 1955ರಲ್ಲಿ, ‘ಶ್ರೀ ರಾಮಾಯಣ ದರ್ಶನಂ’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆತಿತ್ತು.